ಅಜ್ಜಿಯ ಸೊಂಟಕ್ಕೆ ನಾಲ್ವರು ಪಂಡಿತರು

ಊರಿಗೆ ಹೊರಟ ಬಸ್ಸು ದಿಂಬಂ ಘಾಟಿಯ ಮೇಲಿನ ಟೀ ಅಂಗಡಿ ಮುಂದೆ ನಿಂತಾಗ ಹಿಂದಿನ ಸೀಟಿನ ಯಾರೋ ಪುಣ್ಯಾತ್ಮರು ನೋವಿನ ಎಣ್ಣೆಯ ಸೀಸೆ ತೆರೆದು ಮೊಣಕಾಲಿಗೆ ತಿಕ್ಕಿಕೊಂಡರು. ಕರ್ಪೂರ, ನೀಲಗಿರಿ, ಜೊತೆಗೆ ಕರಟಿದ ಬೆಳ್ಳುಳ್ಳಿ. ಘಾಟಿಯ ತಿರುವುಗಳಲ್ಲಿ ಅಷ್ಟು ಹೊತ್ತು ಮರ್ಯಾದೆಯಿಂದ ಕೂತಿದ್ದ ನಾನು ಆ ವಾಸನೆಗೆ ಮೊದಲು ಮೂಗು ಮುಚ್ಚಿಕೊಂಡೆ. ಆಮೇಲೆ ನಗು ಬಂತು. ಪಕ್ಕದವರು ನನ್ನನ್ನು ನೋಡಿ ಕಿಟಕಿಯ ಕಡೆ ಸರಿದರು. ನೀವು ಸರಿಯಬೇಡಿ, ಕಾರಣ ಹೇಳುತ್ತೇನೆ. ಅದು ನಮ್ಮಜ್ಜಿಯ ಸೊಂಟದ ವಾಸನೆ.

ಆಗ ನಾನು ನರ್ಸಿಂಗ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ನಂಬಿಕೆ, ಮಾಡುತ್ತಿದ್ದುದು ಮಿಮಿಕ್ರಿ. ಪ್ರಿನ್ಸಿಪಾಲರ ಕೆಮ್ಮು, ವಾರ್ಡಿನ ಫ್ಯಾನು, ಕ್ಯಾಂಟೀನಿನ ಮಿಕ್ಸಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದ್ದರೆ ನಾಳೆ ಹುಡುಕಿ ಹೇಳುತ್ತೇನೆ ಎನ್ನಬೇಕಾಗಿತ್ತು.

ಬೇರೆ ಬೇರೆ ಕೋರ್ಸಿನವರು ಒಟ್ಟಾಗಿ ಕೆಲಸ ಮಾಡುವುದನ್ನು ಕಲಿಯಲಿ ಎಂದು ನಮ್ಮನ್ನು ಗುಂಪು ಗುಂಪಾಗಿ ಹಳ್ಳಿಯ ರೋಗಿಗಳ ಮನೆಗೆ ಕಳಿಸುವ ತರಬೇತಿ ಶುರುವಾಯಿತು. ನನ್ನ ಗುಂಪಿನಲ್ಲಿ ಡಾಕ್ಟರಿಕೆ ಓದುವ ಕಾರ್ತಿಕ್, ಫಿಸಿಯೋಥೆರಪಿಯ ಸೆಲ್ವಿ, ಫಾರ್ಮಸಿಯ ನಾಗರಾಜು. ನನ್ನೂರು ದೊಡ್ಡಗಾಜನೂರಿನಲ್ಲೇ ನಮ್ಮ ಪಾಲಿಗೆ ಬಂದ ರೋಗಿ ನಮ್ಮಜ್ಜಿ ಪುಟ್ಟಮಾದಮ್ಮ. ಬೇರೆ ರೋಗಿ ಕೊಡಿ ಎಂದು ನಾನು ಗೋಗರೆದೆ. ತರಬೇತಿಯ ಮೇಡಂ, "ಸ್ವಂತ ಅಜ್ಜಿನ ಒಪ್ಪಿಸಿದೋನು ಯಾರನ್ನ ಬೇಕಾದ್ರೂ ಒಪ್ಪಿಸ್ತಾನೆ, ಹೋಗು" ಎಂದರು.

ಅಜ್ಜಿ ದನದ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಮನೆಗೆ ಬಂದವಳು ಮಂಚ ಬಿಟ್ಟು ಇಳಿಯಲೊಲ್ಲಳು. ಈಗ ನಡೆಯದಿದ್ದರೆ ಮಂಚವೇ ಖಾಯಂ ಎಂದು ದೊಡ್ಡ ಡಾಕ್ಟರು ಹೇಳಿ ಕಳಿಸಿದ್ದರು. ಹೊಲದ ಬದುವಿನ ಮೇಲೆ ನಿಂತು ಆನೆಗಳಿಗೇ ಬಯ್ಯುತ್ತಿದ್ದ ಹೆಂಗಸು ಅವಳು. ಆನೆಗೆ ಅಷ್ಟಗಲದ ಕಿವಿ ಇರುವುದು ನಮ್ಮಜ್ಜಿ ಬಾಯಿ ತೆರೆದಾಗ ಮುಚ್ಚಿಕೊಳ್ಳಲಿಕ್ಕೇ ಎಂದು ನನಗೆ ಈಗಲೂ ಅನುಮಾನ. ಅಂಥವಳು ಮಲಗಿ ತೊಲೆ ಎಣಿಸುವುದನ್ನು ನೋಡಿದರೆ ನನ್ನ ಗಂಟಲ ಬಾಡಿಗೆದಾರರೆಲ್ಲ ಸುಮ್ಮನಾಗುತ್ತಿದ್ದರು.

ನಾವು ನಾಲ್ವರೂ ಬಹಳ ಶ್ರದ್ಧೆಯಿಂದ, ಬೇರೆ ಬೇರೆ ಹೊತ್ತಿಗೆ ಹೋಗುತ್ತಿದ್ದೆವು. ಸೆಲ್ವಿ ಸೂರ್ಯನಿಗಿಂತ ಮೊದಲು ಬಂದು, "ವೆರಿ ಗುಡ್ ಅಜ್ಜಿ, ಎದ್ದೇಳಿ, ವೆರಿ ಗುಡ್" ಎನ್ನುತ್ತಿದ್ದಳು. ಅಜ್ಜಿ ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಆಮೇಲೆ ಪಕ್ಕದೂರು ಗುಮಟಾಪುರದ ನಾಗರಾಜು ಬಂದು, "ಒಟ್ಟಗ ಏನೂ ಇಲ್ದೆ ನೋವಿನ ಮಾತ್ರ ನುಂಗ್ಬ್ಯಾಡ ಕಣಜ್ಜಿ" ಎನ್ನುವನು. ಮಧ್ಯಾಹ್ನ ಕಾರ್ತಿಕ್ ಬಿ.ಪಿ. ನೋಡಿ, "ತಲೆ ಸುತ್ತುತ್ತಾ? ಹಾಗಾದ್ರೆ ಏಳಲೇಬೇಡಿ" ಎಂದು ಮೂಗಿನಲ್ಲಿ ತೀರ್ಪು ಕೊಡುವನು. ಸಂಜೆ ನಾನು ಎಣ್ಣೆ ಸೀಸೆ ಹಿಡಿದು, "ನಾನಿಲ್ದಾಗ ಮಂಚ ಇಳ್ದೀಯ ಜ್ವಾಕ" ಎಂದು ಗದರುವೆ.

ಅಜ್ಜಿಗೆ ಇನ್ನೇನು ಬೇಕು? ವಕೀಲಳಾದಳು. "ಅವ್ಳು ಏಳು ಅಂತಳ, ಇವ್ನು ಏಳ್ಬ್ಯಾಡ ಅಂತನ. ನೀವ್ ನಾಕ್ ಜನ ಮೊದ್ಲು ಒಂದ್ ಮಾತ್ಗ ಬನ್ನಿ, ಆಮ್ಯಾಕ ನಾ ಏಳ್ತಿನಿ ಓಗ್ಲಾ."

ಒಂದು ಸಂಜೆ ಅವಳನ್ನು ನಗಿಸೋಣವೆಂದು ಮಂಚದ ಪಕ್ಕ ಕೂತು ನಾಲ್ವರನ್ನೂ ಒಬ್ಬನೇ ಮಾಡಿ ತೋರಿಸಿದೆ. ವೆರಿ ಗುಡ್, ನುಂಗ್ಬ್ಯಾಡ, ಏಳಲೇಬೇಡಿ, ಇಳ್ದೀಯ ಜ್ವಾಕ. ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕಳು. ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ನನ್ನ ಬೆನ್ನ ಹಿಂದೆ ನೋಡಿದಳು. ಬಾಗಿಲಲ್ಲಿ ನಮ್ಮ ಕೆಲಸ ನೋಡಲು ಬಂದ ಮೇಡಂ, ಅವರ ಹಿಂದೆ ಉಳಿದ ಮೂವರೂ ನಿಂತಿದ್ದರು.

"ನನ್ ದನಿ ಮೂಗಿನಲ್ಲೇನೂ ಇಲ್ಲ" ಎಂದು ಕಾರ್ತಿಕ್ ಮೂಗಿನಲ್ಲೇ ಹೇಳಿದ. ನಾಗರಾಜುವಿಗೆ ಮಾತ್ರ ಖುಷಿ. "ಲೇ, ಇನ್ನೊಂದ್ಸಲ ಮಾಡ್ಲಾ!"

ಕಲಾವಿದನನ್ನು ಎರಡು ಸಲ ಕೇಳಬೇಕೇ? ಮಾಡಿದೆ. ಅರ್ಧದಲ್ಲಿ ಸೆಲ್ವಿ ಕೈ ಎತ್ತಿ ತಡೆದಳು. "ಇರು ಇರು. ಹಾಗಾದ್ರೆ ನಾನು ನಡೆಸೋಕೆ ಬರೋ ಹೊತ್ತಿಗೆ ಅಜ್ಜಿ ನೋವಿನ ಮಾತ್ರೆನೇ ತಗೊಂಡಿರಲ್ವಾ?"

"ಇಟ್ಟೇ ಉಂಡಿರಕಿಲ್ವಲ್ಲ, ಮಾತ್ರ ಎಲ್ಲಿಂದ ಬಂತು?" ಎಂದ ನಾಗರಾಜು.

ನೋಡಿ, ನಾಲ್ಕು ಬಾಯಲ್ಲಿ ನಾಲ್ಕೂ ಸರಿಯಾದ ಮಾತೇ. ಒಂದೇ ಬಾಯಲ್ಲಿ ಬಂದಾಗ ಶುದ್ಧ ಹುಚ್ಚರ ಸಂತೆ. ನೋವಿನ ಹೊತ್ತಲ್ಲೇ ಅಜ್ಜಿಯನ್ನು ಎಬ್ಬಿಸಿ, ನೋವಿಲ್ಲದ ಹೊತ್ತಲ್ಲಿ ಮಲಗಿಸಿ, ಎರಡಕ್ಕೂ ನಾವು ಬೆನ್ನು ತಟ್ಟಿಕೊಳ್ಳುತ್ತಿದ್ದೆವು. ಮೇಡಂ ಬಯ್ಯಲಿಲ್ಲ, ಅದಕ್ಕಿಂತ ಕೆಟ್ಟ ಕೆಲಸ ಮಾಡಿದರು. "ಇನ್ಮೇಲೆ ನಾಲ್ವರೂ ಒಟ್ಟಿಗೆ ಬನ್ನಿ. ದಿನಕ್ಕೆ ಒಬ್ಬರೇ ಮಾತಾಡಬೇಕು, ಉಳಿದ ಮೂವರ ಮಾತನ್ನೂ ಅವರೇ ಆಡಬೇಕು. ಇವನ ಹಾಗೆ."

ನನ್ನ ಕಲೆ ಪಠ್ಯವಾದ ಗಳಿಗೆ ಅದು. ಕಾರ್ತಿಕ್ ಸೆಲ್ವಿಯಾಗಲು ಹೋಗಿ, ಅಜ್ಜಿ ಹಿಡಿದು ನಡೆಯಬೇಕಾಗಿದ್ದ ವಾಕರಿನ ಜೊತೆ ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡ. ಬಿಡಿಸಲು ಇಬ್ಬರು ಬೇಕಾಯಿತು. ನಾಗರಾಜು ನನ್ನ ಪಾತ್ರ ವಹಿಸಿ, ರಾಗಿ ಒಣಹಾಕಲು ಟಾರ್ಪಾಲು ಹರಡಿದ ಹಾಗೆ ಹಾಸಿಗೆ ಹಾಸಿದ. ನಾನು ಬಿ.ಪಿ. ನೋಡಿ ಕಾರ್ತಿಕನ ಮೂಗಿನಲ್ಲಿ ಓದಿ ಹೇಳಿದೆ. ಹೀಗೆ ಒಬ್ಬರೊಬ್ಬರ ಕೆಲಸದಲ್ಲಿ ಮುಗ್ಗರಿಸುತ್ತ ಕೊನೆಗೊಂದು ಕ್ರಮಕ್ಕೆ ಬಂದೆವು: ಮೊದಲು ರೊಟ್ಟಿ, ಮೇಲೆ ಮಾತ್ರೆ, ಅದು ನಾಟುವವರೆಗೆ ಹರಟೆ, ಆಮೇಲೆ ಬಿ.ಪಿ., ಆಮೇಲೆ ನಡಿಗೆ.

ಮಾರನೆಯ ಬೆಳಿಗ್ಗೆ ಎಲ್ಲ ಹಾಗೆಯೇ ಆಯಿತು. ನೋವು ಇಳಿದಿತ್ತು, ಬಿ.ಪಿ. ಸರಿಯಿತ್ತು, ವಾಕರು ಮುಂದೆ ನಿಂತಿತ್ತು. ಅಜ್ಜಿ ಕಂಬಳಿಯನ್ನು ಇನ್ನಷ್ಟು ಮೇಲೆ ಎಳೆದುಕೊಂಡಳು.

"ಎಲ್ಲಾ ಸರಿಯಾಗೇ ಮಾಡಿದ್ದೀರಿ ಕಣ್ರಪ್ಪ" ಎಂದಳು ಸಣ್ಣ ದನಿಯಲ್ಲಿ. "ತಿರ್ಗಾ ಬಿದ್ರ?"

ಆಗ ಸೆಲ್ವಿ ನನ್ನ ಕಿವಿಯಲ್ಲಿ, "ಅಜ್ಜಿ ಮೊದ್ಲು ಹೆಂಗೆ ನಡೀತಿದ್ರು? ಮಾಡಿ ತೋರಿಸು" ಎಂದಳು.

ಊರನ್ನೆಲ್ಲ ಆಡಿಕೊಂಡವನು ನಾನು, ಅಜ್ಜಿಯ ಎದುರಿಗೇ ಅಜ್ಜಿಯನ್ನು ಆಡುವ ಧೈರ್ಯ ಮಾತ್ರ ಎಂದೂ ಮಾಡಿರಲಿಲ್ಲ. ಟವೆಲನ್ನು ಸೆರಗು ಮಾಡಿ ಸಿಕ್ಕಿಸಿದೆ. ಎಡಗೈ ಸೊಂಟಕ್ಕೆ, ಬಲಗೈ ಗಾಳಿಗೆ. ಆನೆ ಓಡಿಸಲು ಹೊರಟ ಪುಟ್ಟಮಾದಮ್ಮನಾಗಿ, ಸ್ವಲ್ಪ ಹೆಚ್ಚೇ ಬಳುಕುತ್ತ ನಡುಮನೆಯ ಉದ್ದಕ್ಕೂ ನಡೆದೆ.

"ಥೂ ಮುಂಡೇದೆ! ನಾ ಇಂಗ್ಲಾ ನಡೀತಿದ್ದುದು? ಬಾತುಕೋಳಿ ಓದಂಗ ಓಯ್ತಾ ಇದ್ದಿಯಲ್ಲಾ!"

"ಇಂಗೇ ಕಣಜ್ಜಿ" ಎಂದೆ, ಇನ್ನೂ ಬಳುಕಿ.

"ತತ್ತಾ ಇಲ್ಲಿ ಅದ!"

ಅವಳು ಕೇಳಿದ್ದು ವಾಕರನ್ನು. ಕಾರ್ತಿಕ್ ಕಾಲಲ್ಲೇ ಚಾಪೆಯನ್ನು ಪಕ್ಕಕ್ಕೆ ಸರಿಸಿದ. ನಾಗರಾಜು ವಾಕರನ್ನು ಅವಳ ಕೈಗೆ ಎಟುಕುವಂತೆ ತಳ್ಳಿದ. ಸೆಲ್ವಿಯ ಕೈ ಅಜ್ಜಿಯ ಬೆನ್ನನ್ನು ಮುಟ್ಟದೆ ಬೆನ್ನ ಹಿಂದೆಯೇ ಹೋಯಿತು. ನಾನು ಮುಂದೆ ಮುಂದೆ ಬಾತುಕೋಳಿಯಾಗಿ, ಅಜ್ಜಿ ಹಿಂದೆ ಬಯ್ಯುತ್ತ, ಹೊಸ್ತಿಲವರೆಗೆ ಬಂದೆವು. "ಇಂಗ! ಕಂಡ್ಯಾ?" ಎಂದಳು ಏದುಸಿರಿನಲ್ಲಿ. ವೆರಿ ಗುಡ್ ಎನ್ನಲೇಬೇಕಾಗಿದ್ದ ಆ ಒಂದು ಸಲ ಸೆಲ್ವಿಗೆ ಅದು ಮರೆತೇಹೋಯಿತು.

ಕತೆ ಹೇಳುತ್ತ ಬಸ್ಸಿಳಿಯಬೇಕಾದ ತಾಳವಾಡಿಯೇ ಬಂತು. ಈಗ ನಾನು ಘಾಟಿಯ ಕೆಳಗಿನ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು. ರೌಂಡ್ಸಿಗೆ ಬರುವ ಡಾಕ್ಟರನ್ನು, ಫಿಸಿಯೋದವರು ಎಷ್ಟು ಹೊತ್ತಿಗೆ ಬರುತ್ತಾರೆಂದು ಗೊತ್ತೇ ಸಾರ್ ಎಂದು ಕೇಳಿ ಕೇಳಿ, ಅವರು ನನ್ನನ್ನು ಕಂಡರೆ ಬೇರೆ ಬಾಗಿಲಿಂದ ಹೋಗುತ್ತಾರೆ.

ಅಲ್ಲಿಂದ ದೊಡ್ಡಗಾಜನೂರಿಗೆ ಬಂದು ನಮ್ಮ ಬೀದಿಗೆ ತಿರುಗಿದರೆ ಜಗಲಿಯ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದಾರೆ. ನಡುವೆ ಅಜ್ಜಿ. ಹೋದ ತಿಂಗಳು ಕಣ್ಣು ತೋರಿಸಲು ನಮ್ಮ ಆಸ್ಪತ್ರೆಗೆ ಬಂದವಳು ಕಣ್ಣನ್ನು ಚೆನ್ನಾಗಿಯೇ ಬಳಸಿಕೊಂಡು ಹೋಗಿದ್ದಾಳೆ. ಔಷಧಿಯ ಟ್ರೇ ಎಂಬಂತೆ ಅಂಗೈ ಮೇಲೆ ತಟ್ಟೆ ಎತ್ತಿ ಹಿಡಿದು, ಗದ್ದ ಮೇಲೆ ಮಾಡಿ, ಪುಟುಪುಟು ಓಡಾಡುತ್ತ ಹೇಳುತ್ತಿದ್ದಾಳೆ: "ನಮ್ಮ ನರ್ಸಪ್ಪ ವಾರ್ಡಲ್ಲಿ ಇಂಗ ಕಣ್ರವ್ವಾ!"

"ನಾನ್ ಅಂಗ್ ನಡಿಯಕಿಲ್ಲ!" ಎಂದು ಕೂಗಿ, ಬ್ಯಾಗನ್ನು ಬೀದಿಯಲ್ಲೇ ಇಟ್ಟು, ಸರಿಯಾಗಿ ನಡೆದು ತೋರಿಸಲು ಹೊರಟೆ.