ಒಳಗಿನಿಂದ ಹಾಕುವ ಚಿಲಕ

ಲಾಂಡ್ರಿಗೆ ಬಟ್ಟೆ ಕೊಡುವವರೆಲ್ಲ ಅವಳನ್ನು ಗರಿಗರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಇಸ್ತ್ರಿ ಮಾಡಿದ ಅಂಗಿಯ ಕಾಲರ್ ಸಂಜೆಯಾದರೂ ಬಾಗುತ್ತಿರಲಿಲ್ಲ. ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಮಾಲೀಕ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಅವಳ ಮಾತೂ ಹಾಗೆಯೇ. ಒಂದು ಅಂದವರಿಗೆ ಎರಡು ಕೊಟ್ಟು ಕಳಿಸುವವಳು.

ಅಂಥವಳ ಬಾಯಿ ಕಟ್ಟಿಹೋದದ್ದು ಅವಳ ಅಕ್ಕ ತೀರಿಕೊಂಡ ಮೇಲೆ. ತಾಯಿಯಿಲ್ಲದ ಮನೆಯಲ್ಲಿ ಇವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಜ್ವರ ಎಂದು ಮಲಗಿದವಳು ಏಳಲೇ ಇಲ್ಲ. ಮೊದಮೊದಲು ಎಲ್ಲರೂ ಸಮಾಧಾನ ಹೇಳಿದರು. ಆಮೇಲೆ ಅವರವರ ಕೆಲಸ ಅವರವರಿಗೆ. ಇವಳಿಗೆ ಮಾತ್ರ ನಿದ್ದೆ ಹತ್ತಲಿಲ್ಲ, ತುತ್ತು ಇಳಿಯಲಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ. ಒಂದು ದಿನ ಇಸ್ತ್ರಿಪೆಟ್ಟಿಗೆಯನ್ನು ಬಿಳಿ ಅಂಗಿಯ ಬೆನ್ನ ಮೇಲಿಟ್ಟು ಸುಮ್ಮನೆ ನಿಂತುಬಿಟ್ಟಳು. ಹೊಗೆ ಎದ್ದರೂ ಕೈ ಎತ್ತಲಿಲ್ಲ. ಪಕ್ಕದ ಮೇಜಿನವಳು ಓಡಿಬಂದು ಕಿತ್ತುಕೊಂಡಳು.

ಗಂಡನಿಗೆ ಹೇಳಿದಳು. ಗೋದಾಮು ಕಾಯುವ ಕೆಲಸದ ಅವನು ಕೆಟ್ಟವನಲ್ಲ. ಆದರೆ ಎಲ್ಲ ನೋವಿಗೂ ಅವನ ಹತ್ತಿರ ಇದ್ದದ್ದು ಒಂದೇ ಮದ್ದು: "ಸರಿ ಹೋಗುತ್ತೆ ಬಿಡು."

ಸರಿ ಹೋಗದಿದ್ದಾಗ ಅವಳೇ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಳು. ಡಾಕ್ಟರು ಎದೆ ಪರೀಕ್ಷೆ ಮಾಡಿಸಿ, "ಹೃದಯ ಗಟ್ಟಿ ಇದೆಯಮ್ಮ, ಸೋತಿರೋದು ಮನಸ್ಸು," ಎಂದರು.

"ಮನಸ್ಸಿನ ಡಾಕ್ಟರ ಹತ್ರ ಹೋಗೋದು ನಮ್ಮಂಥೋರ ಕೈಲಿ ಆಗೋ ಮಾತಾ?"

"ಮೊದಲು ಫೋನ್ ಮಾಡಿ. ಪುಕ್ಕಟೆ. ಕೇಳಿಸಿಕೊಳ್ಳೋಕೆ ಅಂತಲೇ ಜನ ಕೂತಿರ್ತಾರೆ," ಎಂದು ಗೋಡೆಗೆ ಅಂಟಿಸಿದ್ದ ನಂಬರು ತೋರಿಸಿದರು.

ಆಸ್ಪತ್ರೆಯ ಅಂಗಳದಲ್ಲೇ ನಿಂತು ಫೋನ್ ಹಚ್ಚಿದಳು. ಬಹಳ ಹೊತ್ತು ಸಂಗೀತ ಕೇಳಿಸಿ ಕೊನೆಗೆ ಒಬ್ಬ ಹೆಂಗಸಿನ ದನಿ ಬಂತು. "ಯಾರ ಕಿವಿಗೂ ಬೀಳದ ಹಾಗೆ ಮಾತಾಡೋಕೆ ನಿಮಗೊಂದು ಜಾಗ ಇದೆಯಾ?"

"ಅಂಥ ಜಾಗ ಇದ್ದಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ ಮೇಡಂ? ಅಲ್ಲೇ ಕೂತು ಅತ್ತುಬಿಡ್ತಿದ್ದೆ."

ಆ ಕಡೆಯವಳು ನಕ್ಕಳು. ಇವಳಿಗೂ ನಗು ಬಂತು, ಅಕ್ಕ ಹೋದ ಮೇಲೆ ಮೊದಲ ಸಲ. ಪ್ರತಿ ಬುಧವಾರ ಮಾತಾಡುವುದೆಂದು ನಿಶ್ಚಯವಾಯಿತು.

ಆದರೆ ಎಲ್ಲಿ? ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಅವಳ ಎರಡು ಕೋಣೆಯ ಮನೆಯಲ್ಲಿ ಗೋಡೆಗಿಂತ ಕಿವಿಗಳೇ ಹೆಚ್ಚು. ಅತ್ತೆ, ಗಂಡ, ಮೈದುನ, ಇಬ್ಬರು ಮಕ್ಕಳು. ಬಚ್ಚಲಿಗೆ ಹೋಗಿ ಪಿಸುಗುಟ್ಟಿದರೆ ಮೈದುನ ಬಾಗಿಲು ಬಡಿಯುತ್ತಿದ್ದ. ತಾರಸಿಗೆ ಹೋದರೆ ಪಕ್ಕದ ಮನೆಯಾಕೆ ಹಿಂಡಿದ ಟವಲನ್ನೇ ಮತ್ತೆ ಮತ್ತೆ ಹಿಂಡುತ್ತ ಕಿವಿ ನಿಮಿರಿಸುತ್ತಿದ್ದಳು. ಕೊನೆಗೆ ಸಿಕ್ಕಿದ್ದು ಲಾಂಡ್ರಿಯ ಹಿಂದಿನ ಕೋಣೆ. ಊಟದ ಬಿಡುವಿನಲ್ಲಿ ಸಾಲಾಗಿ ತೂಗುಹಾಕಿದ ಕೋಟುಗಳ ನಡುವೆ ನಿಂತು, ಅಕ್ಕನ ಬಗ್ಗೆ ಯಾರಿಗೂ ಹೇಳದ್ದನ್ನೆಲ್ಲ ಹೇಳಿಕೊಂಡಳು. ಆ ಬುಧವಾರಗಳ ಸಂಜೆ ಒಂದಿಷ್ಟು ಹಸಿವಾಗುತ್ತಿತ್ತು.

ಒಂದು ಬುಧವಾರ ಮಾಲೀಕನ ಹೆಂಡತಿ, ಇವಳು ಫೋನ್ ಹಿಡಿದು ಅಳುತ್ತಿರುವುದನ್ನು ಕಂಡಳು. ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿತು. ಜೊತೆಗೆ ಅಂತೆಕಂತೆಗಳೂ ಸೇರಿಕೊಂಡವು.

ಮನೆಗೆ ಬಂದಾಗ ಎಲ್ಲರೂ ಕಾಯುತ್ತಿದ್ದರು. ಮೈದುನ ಕೈ ಚಾಚಿದ. "ಫೋನ್ ಕೊಡಿ ಅತ್ತಿಗೆ. ಯಾರವನು, ನಾನೇ ಕೇಳ್ತೀನಿ."

"ತಗೋ. ಕೇಳು."

ಅವನು ಆ ನಂಬರಿಗೆ ಹಚ್ಚಿ, "ನಮ್ಮತ್ತಿಗೆ ನಿಮ್ಮ ಹತ್ರ ಏನು ಮಾತಾಡ್ತಾರೆ?" ಎಂದು ಗದರಿದ. ಯಾರು ಕರೆ ಮಾಡಿದರು, ಏನು ಹೇಳಿದರು ಎಂಬುದನ್ನು ಮನಸ್ಸಿನ ಆರೋಗ್ಯದ ಸಹಾಯವಾಣಿಯಲ್ಲಿ ಯಾರಿಗೂ ಹೇಳುವುದಿಲ್ಲ ಎಂಬ ಉತ್ತರ ಬಂತು. "ನಿಮಗೇನಾದ್ರೂ ಹೇಳ್ಕೊಳ್ಳೋದಿದ್ರೆ ಹೇಳಿ ಸರ್, ಕೇಳ್ತೀವಿ," ಎಂದು ಆ ದನಿ ಮೃದುವಾಗಿ ಸೇರಿಸಿತು. ಅವನು ಕೆಂಡ ಮುಟ್ಟಿದವನಂತೆ ಫೋನನ್ನು ಮೇಜಿನ ಮೇಲಿಟ್ಟ.

ಸಹಾಯವಾಣಿ ಎಂದರೇನೆಂದು ಅತ್ತೆಗೆ ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಅವರು ತಲೆಯ ಮೇಲೆ ಕೈಹೊತ್ತು ಕೂತರು. "ಹುಚ್ಚಿನ ಡಾಕ್ಟರಾ? ಅದಕ್ಕಿಂತ ಇನ್ನೊಬ್ಬನ ಜೊತೆ ಮಾತಾಡಿದ್ರೇ ವಾಸಿ ಇತ್ತಲ್ಲೇ."

"ಹುಚ್ಚಲ್ಲ ಅತ್ತೆ, ದುಃಖ. ಹುಚ್ಚೇ ಆಗಿದ್ರೂ ಫೋನ್ ಮಾಡ್ತಿದ್ದೆ."

ಗಂಡ ತಲೆ ತಗ್ಗಿಸಿಯೇ ಹೇಳಿದ, "ನನಗೆ ಹೇಳಬಹುದಿತ್ತು."

"ಹೇಳಿದೆ. ಸರಿ ಹೋಗುತ್ತೆ ಅಂದ್ರಿ. ನಾನು ಸರಿ ಮಾಡ್ಕೊಳ್ತಾ ಇದ್ದೀನಿ, ಅಷ್ಟೇ. ಲಾಂಡ್ರಿಯ ಹಿಂದಿನ ಕೋಣೆಗೆ ಇವತ್ತು ಬೀಗ ಬಿತ್ತು. ಇನ್ನು ಮೇಲೆ ಬುಧವಾರ ಸಂಜೆ ಒಂದು ಗಂಟೆ ಹೊತ್ತು ಒಳಗಿನ ಕೋಣೆ ನನ್ನದು. ಯಾರೂ ಬಾಗಿಲು ಬಡಿಯೋ ಹಾಗಿಲ್ಲ."

ಯಾರ ಒಪ್ಪಿಗೆಗೂ ಅವಳು ಕಾಯಲಿಲ್ಲ. ಮರುದಿನ ಅಂಗಡಿಯಿಂದ ಒಂದು ಚಿಲಕ ತಂದು, ಮೈದುನನ ಸ್ಕ್ರೂಡ್ರೈವರ್ ಕೇಳದೆಯೇ ತೆಗೆದುಕೊಂಡು, ಕೋಣೆಯ ಬಾಗಿಲಿಗೆ ಒಳಗಿನಿಂದ ಜಡಿದಳು. ಸ್ವಲ್ಪ ಸೊಟ್ಟಗಾಯಿತು.

"ಈ ಮನೇಲಿ ಇದುವರೆಗೂ ಯಾರೂ ಬಾಗಿಲು ಹಾಕ್ಕೊಂಡು ಕೂತಿಲ್ಲ," ಎಂದರು ಅತ್ತೆ.

"ಅದಕ್ಕೇ ಯಾರೂ ಬಾಯಿ ಬಿಟ್ಟಿಲ್ಲ."

ಮುಂದಿನ ಬುಧವಾರ ಅತ್ತೆ ಟಿವಿಯ ಸದ್ದು ಜೋರು ಮಾಡಿ ಸೇಡು ತೀರಿಸಿಕೊಂಡರು. ಅದರಿಂದ ಅವಳಿಗೆ ಅನುಕೂಲವೇ ಆಯಿತು, ಮಾತು ಆಚೆ ಹೋಗಲಿಲ್ಲ. ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಪುಕ್ಕಟೆ ನೋಡುವ ಆರೋಗ್ಯ ಕೇಂದ್ರವೊಂದು ಹತ್ತಿರದಲ್ಲೇ ಇದೆ ಎಂದು ಫೋನಿನಾಕೆ ತಿಳಿಸಿದಳು. ಅಲ್ಲಿ ಹೆಚ್ಚಿನವರು ಮುಖ ಗೋಡೆಗೆ ತಿರುಗಿಸಿ ಕೂತಿರುತ್ತಿದ್ದರು. ಗರಿಗರಿ ಅಕ್ಕ ಲಾಂಡ್ರಿಯ ಏಪ್ರನ್ನಿನಲ್ಲೇ ಹೋಗಿ ರಸ್ತೆಗೆ ಕಾಣುವ ಬೆಂಚಿನ ಮೇಲೆ ಕೂತಳು. ದಾರಿಯಲ್ಲಿ ಹೋಗುತ್ತಿದ್ದ ಗಿರಾಕಿಯೊಬ್ಬ, "ಏನಕ್ಕ, ಇಲ್ಲಿ?" ಎಂದ. "ಮನಸ್ಸು ಮುದುಡಿದೆ, ಇಸ್ತ್ರಿಗೆ ಕೊಟ್ಟಿದ್ದೀನಿ," ಎಂದಳು.

ಮಾತ್ರೆ, ಮಾತು ಎರಡೂ ನಡೆದವು. ನಿದ್ದೆ ನಿಧಾನವಾಗಿ ಬಂತು. ದುಃಖ ಪೂರ್ತಿ ಹೋಗಲಿಲ್ಲ. ಅಕ್ಕನ ಮಾತು ಬಂದಾಗ ಈಗಲೂ ಕಣ್ಣು ತುಂಬುತ್ತದೆ, ಆದರೆ ಕೈಯಲ್ಲಿನ ಕೆಲಸ ನಿಲ್ಲುವುದಿಲ್ಲ. ಅತ್ತೆ ಒಪ್ಪಲಿಲ್ಲ. ಯಾರಾದರೂ ಬಂದರೆ, "ಅವಳು ಆಫೀಸಿನಲ್ಲಿದ್ದಾಳೆ," ಎಂದು ಮುಚ್ಚಿದ ಬಾಗಿಲು ತೋರಿಸುತ್ತಾರೆ.

ಕೆಳಗಿನ ಮನೆಯ ದರ್ಜಿ ಹೆಂಗಸು ಒಂದು ದಿನ ಮೆಟ್ಟಿಲಲ್ಲಿ ತಡೆದು, "ಅಕ್ಕ, ನಿಮ್ಮ ಕೋಣೆ ಒಂದರ್ಧ ಗಂಟೆ ಸಿಗುತ್ತಾ? ನನಗೂ ಒಂದು ಫೋನ್ ಮಾಡೋದಿತ್ತು," ಎಂದಳು. ಕೋಣೆ ಸಿಕ್ಕಿತು. ಅವಳ ಹಿಂದೆ ಇನ್ನಿಬ್ಬರು ಬಂದರು. ಈ ಓಡಾಟ ಕಟ್ಟಡದ ಯಜಮಾನರ ಕಿವಿಗೆ ಬಿದ್ದು, ಅವರು ಮೆಟ್ಟಿಲು ಹತ್ತಿ ಬಂದರು.

"ಏನಮ್ಮ, ಯಾರ್ಯಾರೋ ಬಂದು ಬಾಗಿಲು ಹಾಕ್ಕೊಂಡು ಅಳ್ತಾರಂತೆ?"

"ಹೌದು ಸರ್. ಬಾಡಿಗೆ ಸರಿಯಾಗಿ ಕೊಡ್ತಾ ಇದ್ದೀವಿ. ಒಳಗೆ ಯಾರೂ ಅಳಬಾರದು ಅಂತ ಕರಾರಿನಲ್ಲಿ ಬರೆದಿಲ್ಲ."

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿದ್ದ ಅತ್ತೆ ಟಿವಿಯ ಸದ್ದು ಏರಿಸಿದರು. ಯಜಮಾನರು ಆಡಿದ್ದು ಯಾರಿಗೂ ಕೇಳಿಸಲಿಲ್ಲ.