ಕೆಳಗಿನ ಖಾನೆಯ ಕಾರ್ಡುಗಳು

ಹೋದ ತಿಂಗಳು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹುಳದ ಔಷಧಿ ಹೊಡೆಸಿದರು. ಚಿಕ್ಕೋಡಿಯಿಂದ ಬಂದ ಇಬ್ಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೆನ್ನಿಗೆ ಪಂಪು ಹೊತ್ತು, ಗೆದ್ದಲಿಗೂ ಇದೇ ಜಿರಲೆಗೂ ಇದೇ ಎನ್ನುತ್ತ ಕಪಾಟಿನ ಸಂದಿಗೊಂದಿಗೆಲ್ಲ ಹೊಡೆದು, ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ ಸಹಿ ಹಾಕಿಸಿಕೊಂಡು ಹೋದರು. ಎರಡು ದಿನ ಬಿಟ್ಟು ಬಾಗಿಲು ತೆಗೆದರೂ ಗಂಟಲು ಹಿಡಿಯುವ ಆ ವಾಸನೆ ಹೋಗಿರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದು ಸೆರಗಿನಿಂದ ಮೂಗು ಮುಚ್ಚಿ ನಿಂತವಳಿಗೆ, ನನಗಿಂತ ಮೊದಲು ಇಲ್ಲಿ ಗ್ರಂಥಪಾಲಕರಾಗಿದ್ದ ಸರ್ ನೆನಪಾದರು. ಅವರಿದ್ದಷ್ಟು ಕಾಲ ಈ ವಾಸನೆ ರಾಯಬಾಗದ ಈ ಕೋಣೆಯೊಳಗೆ ಬಂದಿರಲಿಲ್ಲ.

ಸರ್ ಅಂಕಲಿಯವರು, ಒಕ್ಕಲುತನದ ಜೈನ ಮನೆತನ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕೆಂದು ಐದು ಹೊಡೆದರೆ ಬಸ್ಸಿಗೆ ಓಡುತ್ತಿದ್ದರು. ಹುಳ ಕೊಲ್ಲುವ ಔಷಧಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಅದರ ಬದಲು ಬೇಸಿಗೆ ಸೂಟಿಯಲ್ಲಿ ಒಂದೊಂದೇ ಪುಸ್ತಕ ಇಳಿಸಿ, ಬಿಳಿ ಧೋತರ ಹಾಸಿ, ಮೆತ್ತಗಿನ ಬ್ರಶ್ಶಿನಿಂದ ಪುಟಪುಟವನ್ನೂ ಒರೆಸುತ್ತಿದ್ದರು. ಧೋತರದ ಮೇಲೆ ಉದುರಿದ ಹುಳಗಳನ್ನು ಹಿತ್ತಲ ಬೇವಿನ ಗಿಡದ ಬುಡಕ್ಕೆ ಝಾಡಿಸಿ ಬರುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ನೋಡಿ ನಕ್ಕವಳು ನಾನು.

ಆದರೆ ಆ ಝಾಡಿಸುವುದರಲ್ಲೇ ಅವರ ಲೆಕ್ಕ ತಪಾಸಣೆಯೂ ಇತ್ತು. ವರ್ಷಕ್ಕೊಮ್ಮೆ ಪ್ರತಿ ಪುಸ್ತಕವೂ ಅವರ ಕೈಗೆ ಬರುತ್ತಿತ್ತು. ಹರಿದು ಹೋದದ್ದು, ಗೆದ್ದಲು ತಿಂದದ್ದು, ಸಿಲೆಬಸ್ ಬದಲಾಗಿ ಯಾರೂ ಮುಟ್ಟದೇ ಇದ್ದದ್ದು ಪಕ್ಕಕ್ಕೆ ಬಿದ್ದು ರದ್ದಿಗೆ ಹೋಗುತ್ತಿತ್ತು. ಆಮೇಲೆ ಆ ಪುಸ್ತಕದ ಕಾರ್ಡನ್ನು ಕಟ್ಟಿಗೆಯ ಕ್ಯಾಟಲಾಗ್ ಕಪಾಟಿನಿಂದ ತೆಗೆದು, ಕೆಂಪು ಶಾಯಿಯಲ್ಲಿ ‘ಬಾದ’, ಅಂದರೆ ಲೆಕ್ಕದಿಂದ ತೆಗೆದದ್ದು, ಎಂದು ಬರೆದು, ಪ್ರಾಚಾರ್ಯರ ಸಹಿ ಮಾಡಿಸಿ, ಕಪಾಟಿನ ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದರು. ನಿಯಮದ ಪ್ರಕಾರ ದೊಡ್ಡ ರಜಿಸ್ಟರಿನಲ್ಲೂ ಅದು ನಮೂದಾಗಬೇಕು. ಆ ರಜಿಸ್ಟರು ಕಚೇರಿಯ ಹೆಡ್ ಕ್ಲಾರ್ಕರ ಕೀಲಿಯೊಳಗಿತ್ತು. ರಜಿಸ್ಟರಿನಲ್ಲಿ ಕೆಂಪು ಶಾಯಿ ಬಿದ್ದರೆ ಆಡಿಟ್‌ನವರು ನೂರು ಪ್ರಶ್ನೆ ಕೇಳುತ್ತಾರೆಂದು ಅವರು ಕೊಡುತ್ತಲೇ ಇರಲಿಲ್ಲ. ಹೀಗಾಗಿ ರಜಿಸ್ಟರಿನಲ್ಲಿ ಎಲ್ಲ ಪುಸ್ತಕವೂ ಜೀವಂತ. ಸತ್ತವು ಯಾವುವು ಎಂಬುದು ಗೊತ್ತಿದ್ದದ್ದು ಆ ಕೆಳಗಿನ ಖಾನೆಗೆ ಮಾತ್ರ.

ನಾನು ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು ಸಹಾಯಕಿಯಾಗಿ ಬಂದವಳು. ತಲೆಯ ತುಂಬ ಗಾಳಿ. ಅದೇ ವರ್ಷ ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್ ಬಂದಿದ್ದವು. ಸರ್ ನಾಲ್ಕು ವರ್ಷದಿಂದ ತಮ್ಮನ್ನು ಕಂಪ್ಯೂಟರ್ ತರಬೇತಿಗೆ ಕಳಿಸಿ ಎಂದು ಅರ್ಜಿ ಕೊಡುತ್ತಲೇ ಇದ್ದರು. ಇನ್ನೇನು ನಿವೃತ್ತಿ ಆಗುವವರಿಗೆ ತರಬೇತಿ ಯಾಕೆ ಎಂದು ಆಡಳಿತದವರು ಪ್ರತಿ ಸಲವೂ ಬೇರೆಯವರನ್ನು ಕಳಿಸುತ್ತಿದ್ದರು. ಎರಡು ಸಲ ನಾನೇ ಹೋದೆ. ಅಲ್ಲಿ ಏನು ಕಲಿತೆ ಎಂದು ಕೇಳಿದರೆ ಹೇಳಲು ನಾಚಿಕೆ. ಒಂದು ಚೀಲ, ಒಂದು ಪೆನ್ನು, ಒಂದು ಗುಂಪು ಫೋಟೊ, ಒಂದು ಪ್ರಮಾಣಪತ್ರ... ಈಗಲೂ ಹೆಚ್ಚು ಬದಲಾಗಿಲ್ಲ. ತಿಂಗಳಿಗೊಂದು ವೆಬಿನಾರ್. ಕ್ಯಾಮೆರಾ ಬಂದ್ ಮಾಡಿ ಮೆಂತ್ಯಪಲ್ಯ ಸೋಸುತ್ತ ಕೂತರೂ ಸಂಜೆಯೊಳಗೆ ‘ವೃತ್ತಿಪರ ಬೆಳವಣಿಗೆ’ಯ ಪ್ರಮಾಣಪತ್ರ ಮೊಬೈಲಿಗೆ ಬಂದು ಬೀಳುತ್ತದೆ. ನಮ್ಮ ಬಡ್ತಿಗೆ ಬೇಕಾದದ್ದು ಆ ಕಾಗದ, ಕೆಲಸ ಬರುತ್ತದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ.

ಕೊನೆಗೆ ಸರ್ ನನ್ನನ್ನೇ ಕೇಳಿದರು, ಮಧ್ಯಾಹ್ನದ ಸೂಟಿಯಲ್ಲಿ ಸ್ವಲ್ಪ ಕಲಿಸು ಎಂದು. ಕಲಿಸಿದೆ, ದಿನಕ್ಕೆ ಹತ್ತು ನಿಮಿಷ. ಅವರು ಬಾಣದ ಗುರುತನ್ನು ಹುಡುಕುತ್ತಿರುವಾಗಲೇ ನನಗೆ ಸಹನೆ ತಪ್ಪುತ್ತಿತ್ತು. ಮೌಸನ್ನು ಅವರ ಕೈಯಿಂದ ಕಸಿದುಕೊಂಡು ನಾನೇ ಒತ್ತಿ, ‘ನೋಡ್ರಿ, ಇಷ್ಟ’ ಎನ್ನುತ್ತಿದ್ದೆ. ಮೂವತ್ತು ವರ್ಷ ಪುಸ್ತಕ ಹಿಡಿದ ಕೈಯಿಂದ ಹಾಗೆ ಕಸಿದುಕೊಂಡದ್ದನ್ನು ನೆನೆದರೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅವರ ನಿವೃತ್ತಿಗೆ ಐದು ತಿಂಗಳಿದ್ದಾಗ, ಧಾರವಾಡದ ಮೂರು ವಾರದ ತರಬೇತಿಗೆ ಹೋಗಬೇಕಿದ್ದವರೊಬ್ಬರು ಹಿಂದೆ ಸರಿದರು. ಆ ಜಾಗ ಸರ್‌ಗೆ ಸಿಕ್ಕಿತು. ಅವರು ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿರಲಿಲ್ಲ. ಇಡೀ ಗ್ರಂಥಾಲಯವನ್ನು ಕಂಪ್ಯೂಟರಿಗೆ ಏರಿಸಿ, ಎಲ್ಲ ಸರಿಯಾಗಿ ಒಪ್ಪಿಸಿ ಮನೆಗೆ ಹೋಗಬೇಕು, ಅದೊಂದೇ ಅವರ ಆಸೆ. ಹೊರಡುವ ದಿನ ನನಗೆ ಹೇಳಿದರು.

“ನಾ ಬರೂತನಕ ಕಾಯವಾ ತಂಗಿ. ಪುಸ್ತಕ ಕೈಯಾಗ ಹಿಡದ ಒಂದೊಂದ ಏರಸೂಣು. ರಜಿಸ್ಟರ್ ನೋಡಿ ಏರಸಿದ್ರ ಮತದಾರರ ಯಾದಿ ಆಗತೈತಿ, ಸತ್ತಾವ್ರೂ ಬಂದ ಕುಂದರ್ತಾರ.”

ಆಗಲಿ ಸರ್ ಎಂದೆ.

ಅವರು ಹೋಗಿ ನಾಲ್ಕು ದಿನಕ್ಕೆ, ಕಾಲೇಜು ನೋಡಲು ಬರುವ ಕಮಿಟಿಯ ತಾರೀಖು ಇದ್ದಕ್ಕಿದ್ದಂತೆ ಹತ್ತಿರ ಬಂತು. ಇನ್ನು ಉಳಿದದ್ದು ಹದಿನೈದು ದಿನ. ಗ್ರಂಥಾಲಯ ಗಣಕೀಕರಣ ಆಗುತ್ತದೆಯೇ ಎಂದು ಪ್ರಾಚಾರ್ಯರು ಕೇಳಿದರು. ಆಗುವುದಿಲ್ಲ ಎನ್ನಬಹುದಿತ್ತು. ಆಗುತ್ತದೆ ಎಂದೆ. ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಕ್ಲಾಸಿನಿಂದ ನಾಲ್ವರು ಹುಡುಗಿಯರನ್ನು ಕರೆಸಿದೆ. ಹೆಡ್ ಕ್ಲಾರ್ಕರು ಅಂದು ಮಾತ್ರ ನಗುನಗುತ್ತ ರಜಿಸ್ಟರ್ ಹೊರಗೆ ಕೊಟ್ಟರು. ಅದನ್ನೇ ನೋಡಿ ಹುಡುಗಿಯರು ಟಕಟಕ ಹೊಡೆದು ಹನ್ನೊಂದು ದಿನದಲ್ಲಿ ಮುಗಿಸಿದರು. ಒಂದು ಪುಸ್ತಕವನ್ನೂ ಯಾರೂ ಕಪಾಟಿನಿಂದ ಇಳಿಸಿ ನೋಡಲಿಲ್ಲ.

ಕಂಪ್ಯೂಟರ್ ಮೇಜುಗಳಿಗೆ ಜಾಗ ಬೇಕಿತ್ತು. ಕ್ಯಾಟಲಾಗ್ ಕಪಾಟನ್ನು ಗೋದಾಮಿಗೆ ಸಾಗಿಸಿದೆವು. ಅದರೊಳಗಿನ ಕಾರ್ಡುಗಳನ್ನೆಲ್ಲ ಚೀಲಕ್ಕೆ ತುಂಬಿಸಿ ರದ್ದಿಯವನಿಗೆ ಕೊಡಿಸಿದೆ. ಕೆಳಗಿನ ಖಾನೆ ಬೇರೆಯದು ಎಂದು ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದು. ಗೊತ್ತಿತ್ತು. ಕೆಂಪು ಶಾಯಿ ಕಣ್ಣಿಗೆ ಬಿತ್ತು ಕೂಡ. ಇನ್ನು ಇವುಗಳನ್ನು ಯಾರು ಕೇಳುತ್ತಾರೆ ಎಂದುಕೊಂಡೆ.

ಕಮಿಟಿಯವರು ಬಂದರು, ಪರದೆ ನೋಡಿದರು, ತಲೆ ಅಲ್ಲಾಡಿಸಿದರು. ನನಗೆ ಶಾಲು ಹೊದಿಸಿದರು.

ಸರ್ ಧಾರವಾಡದಿಂದ ಬಂದಾಗ ಸೊರಗಿ ಅರ್ಧ ಆಗಿದ್ದರು. ಅಲ್ಲಿ ರಾತ್ರಿ ಊಟ ಬಡಿಸುತ್ತಿದ್ದದ್ದು ಎಂಟೂವರೆಗೆ, ಇವರು ಸಂಜೆ ಚುರಮರಿ ತಿಂದು ಮೂರು ವಾರ ಕಳೆದರು ಎಂದು ಅವರ ಜೊತೆಗಿದ್ದವರು ಯಾರೋ ಬಹಳ ದಿನದ ಮೇಲೆ ನನಗೆ ಹೇಳಿದರು. ಸರ್ ತಾವಾಗಿ ಹೇಳಿರಲಿಲ್ಲ. ತಂದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಪುಟಪುಟಕ್ಕೂ ಕನ್ನಡದಲ್ಲಿ ಬರೆದುಕೊಂಡಿದ್ದರು. ಸತ್ತ ಪುಸ್ತಕಗಳನ್ನು ಮೊದಲು ತೆಗೆದು ಆಮೇಲೆ ಏರಿಸಬೇಕೆಂದು ಅಲ್ಲಿಯ ದೊಡ್ಡ ದೊಡ್ಡ ಪ್ರೊಫೆಸರರೂ ಹೇಳಿದರಂತೆ. ಅದನ್ನು ಹೇಳುತ್ತಲೇ ಒಳಗೆ ಬಂದವರು, ಕಪಾಟಿದ್ದ ಜಾಗ ನೋಡಿ ನೋಟ್‌ಬುಕ್ ಮುಚ್ಚಿ ಚೀಲದೊಳಗಿಟ್ಟರು.

ನಿವೃತ್ತಿ ಬಂತು. ಪದ್ಧತಿಯಂತೆ ಪುಸ್ತಕಗಳನ್ನು ಎಣಿಸಿ ಒಪ್ಪಿಸಬೇಕು. ಕಂಪ್ಯೂಟರ್ ಯಾದಿ ಹಿಡಿದು ಎಣಿಸಿದರೆ ಇನ್ನೂರಕ್ಕೂ ಹೆಚ್ಚು ಪುಸ್ತಕ ಕಡಿಮೆ ಬಿದ್ದವು. ಇರಲು ಹೇಗೆ ಸಾಧ್ಯ? ಅವೆಲ್ಲ ಸರ್ ತಾವೇ ಬಾದ ಮಾಡಿದವು. ಸಹಿ ಮಾಡಿದ್ದ ಹಿಂದಿನ ಪ್ರಾಚಾರ್ಯರು ತೀರಿಕೊಂಡಿದ್ದರು. ಹೊಸಬರು, ಪುಸ್ತಕ ಇರಬೇಕೆಂದು ಕಂಪ್ಯೂಟರೇ ಹೇಳಿದ ಮೇಲೆ ನಾನೇನು ಮಾಡಲಿ ಎಂದರು. ಹೆಡ್ ಕ್ಲಾರ್ಕರು ಇನ್ನೂ ನೇರ: ಪುಸ್ತಕ ತೋರಿಸಿ, ಇಲ್ಲವೇ ಸಹಿ ಇದ್ದ ಕಾರ್ಡ್ ತೋರಿಸಿ, ಅಲ್ಲಿಯವರೆಗೆ ಏನೂ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ಇಲ್ಲ. ಆ ಪತ್ರ ಇಲ್ಲದೆ ಪೆನ್ಶನ್ ಕಾಗದ ಮುಂದೆ ಹೋಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಲೈಬ್ರರಿಯವರು ಪುಸ್ತಕ ಮಾರಿಕೊಂಡರಂತೆ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಓಡಾಡತೊಡಗಿತು.

ಆಗ ಸರ್ ನನ್ನ ಮೇಜಿನ ಹತ್ತಿರ ಬಂದರು.

“ತಂಗೀ, ಕೆಳಗಿನ ಖಾನ್ಯಾಗಿನ ಕಾರ್ಡ್ ಎಲ್ಲಿ ಅದಾವ?”

“ಎಲ್ಲಾ ಗೋದಾಮಿನ್ಯಾಗ ಇಡಸಿದ್ದೆರಿ ಸರ್. ಮುಂದ ಯಾರ ತಗದ್ರೋ ಗೊತ್ತಿಲ್ರಿ.”

ಅವರು ನಂಬಿದರು. ನಂಬದೆ ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ಎಂಟು ದಿನ ಆ ಗೋದಾಮಿನಲ್ಲಿ ಮುರಿದ ಬೆಂಚು, ಹಳೆಯ ಉತ್ತರಪತ್ರಿಕೆಗಳ ಗಂಟು ಎಲ್ಲ ಸರಿಸಿ ಸರಿಸಿ ಹುಡುಕಿದರು. ಸಂಜೆ ತಲೆಯ ಮೇಲೆ ಧೂಳು ಹೊತ್ತು ಬಂದು, ಇವತ್ತು ಸಿಗಲಿಲ್ಲ, ನಾಳೆ ಆ ಮೂಲೆ ನೋಡುತ್ತೇನೆ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಬಾರ್‌ಕೋಡ್ ಅಂಟಿಸುತ್ತಿದ್ದೆ. ನನ್ನ ನೌಕರಿ ಆಗ ಕಾಯಂ ಆಗಿರಲಿಲ್ಲ. ಕಾರಣ ಅದೊಂದೇ, ಅದು ಕಾರಣವೇ ಅಲ್ಲ ಎಂಬುದೂ ಗೊತ್ತಿತ್ತು.

ಕಾರ್ಡು ಸಿಗದಿದ್ದರೆ ಪುಸ್ತಕವನ್ನೇ ತರುತ್ತೇನೆ ಎಂದು ಸರ್ ಹೊರಟರು. ತಾವೇ ಕೆಲಸಕ್ಕೆ ಬಾರದ್ದೆಂದು ತೆಗೆದು ಹಾಕಿದ ಪುಸ್ತಕಗಳ ಇನ್ನೊಂದು ಪ್ರತಿ ಹುಡುಕಿಕೊಂಡು! ಟೈಪ್‌ರೈಟಿಂಗ್ ಕೈಪಿಡಿ, ಎಂದೋ ಬದಲಾದ ವಾಣಿಜ್ಯ ಕಾನೂನಿನ ಗೈಡು, ಫ್ಲಾಪಿಯ ಕಾಲದ ಕಂಪ್ಯೂಟರ್ ಪಾಠ, ಮರಾಠಿಯ ಹಳೆಯ ಭೂಗೋಳ... ಅಥಣಿಯ ನಿವೃತ್ತ ಮಾಸ್ತರರ ಮನೆ, ಕಾಗವಾಡದ ಹಳೆಯ ವಿದ್ಯಾರ್ಥಿಗಳ ಅಟ್ಟ, ನಿಪ್ಪಾಣಿಯ ರದ್ದಿ ಅಂಗಡಿ, ಕೊಗನೊಳ್ಳಿಯಲ್ಲಿ ಒಬ್ಬ ವಕೀಲರ ಟ್ರಂಕು. ವಾರಕ್ಕೆರಡು ಸಲ ಕೈಚೀಲ ಹೊತ್ತು ಬರುತ್ತಿದ್ದರು. ಬಂದ ಪುಸ್ತಕವನ್ನು ಝಾಡಿಸಿ ಒರೆಸಿ, ಮೂಲೆಯ ಕಂಪ್ಯೂಟರಿನಲ್ಲಿ ಕೂತು, ನೋಟ್‌ಬುಕ್ ತೆರೆದಿಟ್ಟುಕೊಂಡು, ಎರಡು ಬೆರಳಿನಲ್ಲಿ ಅದರ ನಮೂದನ್ನು ತಾವೇ ಸರಿಪಡಿಸುತ್ತಿದ್ದರು. ಹೀಗೆ ಎಂಟು ತಿಂಗಳು.

ಆ ಎಂಟು ತಿಂಗಳಲ್ಲಿ ಸಾಫ್ಟ್‌ವೇರ್ ಅವರಿಗೆ ನನಗಿಂತ ಚೆನ್ನಾಗಿ ಬಂತು. ಒಂದೇ ಸಂಖ್ಯೆ ಎರಡು ಪುಸ್ತಕಕ್ಕೆ ಬಿದ್ದರೆ ಹೇಗೆ ಬಿಡಿಸುವುದು, ಕನ್ನಡ ಮರಾಠಿ ಎರಡರಲ್ಲೂ ಹುಡುಕಿದರೆ ಸಿಗುವಂತೆ ಮಾಡುವುದು ಹೇಗೆ, ದಿನದ ಕೊನೆಗೆ ಎಲ್ಲವನ್ನೂ ಬೇರೆ ಡಿಸ್ಕಿಗೆ ಉಳಿಸುವುದು ಹೇಗೆ, ಎಲ್ಲ ನನಗೆ ಕಲಿಸಿದ್ದು ಅವರು. ಒಮ್ಮೆಯೂ ನನ್ನ ಕೈಯಿಂದ ಮೌಸ್ ಕಸಿಯಲಿಲ್ಲ. ಇವತ್ತು ಬೆಳಗಾವಿಯಲ್ಲಿ ಹೊಸಬರ ಮುಂದೆ ಸಂಪನ್ಮೂಲ ವ್ಯಕ್ತಿ ಎಂದು ನಿಂತು ನಾನು ಹೇಳುವುದೆಲ್ಲ ಅದೇ.

ಬೇಬಾಕಿ ಪತ್ರ ಕೈಗೆ ಬಂದ ದಿನ ಅವರು ನನಗೆ ಪೇಢೆ ಕೊಟ್ಟರು. “ನೀ ಒಬ್ಬಾಕಿ ನನ್ನ ಮ್ಯಾಲ ಸಂಶೆ ಪಡಲಿಲ್ಲ ನೋಡವಾ,” ಎಂದರು. ಆ ಪೇಢೆಯನ್ನು ನಾನು ತಿಂದೆ.

ಎರಡು ವರ್ಷಕ್ಕೆ ಅವರು ತೀರಿಕೊಂಡರು. ಅಂಕಲಿಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದು, ನಿಮ್ಮ ಹೆಸರು ಬಹಳ ತೆಗೆಯುತ್ತಿದ್ದರು ಎಂದು ಅತ್ತರು. ಹೇಳಿಬಿಡಬೇಕು ಎಂದುಕೊಂಡೇ ಹೋದವಳು, ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ.

ಈಗ ಮತ್ತೊಂದು ಹೊಸ ಸಾಫ್ಟ್‌ವೇರ್ ಬಂದಿದೆ, ಎಲ್ಲವೂ ಕ್ಲೌಡಿಗೆ ಹೋಗಬೇಕಂತೆ. ಕಂಪನಿಯವರು, ಹಳೆಯ ಮಾಹಿತಿ ಕಳಿಸಿಕೊಡಿ, ನಾಲ್ಕು ದಿನದಲ್ಲಿ ಏರಿಸುತ್ತೇವೆ, ಪುಸ್ತಕ ನೋಡುವ ಅಗತ್ಯ ಇಲ್ಲ ಎಂದರು. ಪುಸ್ತಕ ಕೈಯಲ್ಲಿ ಹಿಡಿದೇ ಏರಿಸಬೇಕು ಎಂದು ಮೂರು ಸಲ ಟಿಪ್ಪಣಿ ಬರೆದೆ. ಮೂರೂ ವಾಪಸ್ ಬಂದವು. ಬದಲಿಗೆ ಹತ್ತು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳ ಯಾದಿ ತೆಗೆದು, ಅಷ್ಟನ್ನೂ ಬಾದ ಮಾಡಿ ಎಂದು ಆದೇಶ ಬಂತು. ಯಾದಿಯ ಮೊದಲ ಐದು ಪುಟ ಸರ್ ಊರೂರು ಅಲೆದು ತಂದ ಪುಸ್ತಕಗಳು.

ಯಾದಿ ಹಿಡಿದು ಈಗಿನ ಪ್ರಾಚಾರ್ಯರ ಹತ್ತಿರ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಿಂತೇ ಹೇಳಿದೆ.

“ಸರ್, ಈ ಪುಸ್ತಕ ಆವತ್ತ ಕಳದಿರಲಿಲ್ರಿ. ಬಾದ ಮಾಡಿದ ಕಾರ್ಡ್ ರದ್ದಿಗಿ ಹಾಕಿದಾಕಿ ನಾನು. ಸುಳ್ಳ ಹೇಳಿದಾಕೀನೂ ನಾನು. ಅವರು ಎಂಟ ತಿಂಗಳ ತಿರಗಿದ್ದು ನನ್ನಿಂದರಿ.”

ಅವರು ಮೊಬೈಲಿನಿಂದ ತಲೆ ಎತ್ತಿದರು. “ಯಾರ್ರಿ ಮೇಡಂ ಅವರು?”

ಯಾರು ಎಂದು ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ. “ಹಳೇದೈತಿ ಬಿಡ್ರಿ. ಶುಕ್ರವಾರದೊಳಗ ಯಾದಿ ಕಳಸಬೇಕ, ಸಹಿ ಮಾಡಿ ಕೊಡ್ರಿ,” ಎಂದು ಪೆನ್ನು ಮುಂದೆ ಸರಿಸಿದರು.

ಹದಿನೈದು ವರ್ಷ ಎದೆಯಲ್ಲಿ ಇಟ್ಟುಕೊಂಡ ಮಾತು ಅಲ್ಲಿಗೆ ಮುಗಿಯಿತು. ಪ್ರತಿ ಪುಟಕ್ಕೂ ಸಹಿ ಮಾಡಿದೆ. ಕೆಳಗೆ ಬಂದು ಕಂಪ್ಯೂಟರಿನಲ್ಲಿ ಗುರುತು ಹಾಕಿದೆ, ತಾರೀಖು ಹಾಕಿದೆ, ಸಹಿಯ ಪ್ರತಿ ಏರಿಸಿದೆ. ಸರ್ ಪುಸ್ತಕಗಳು ಎರಡನೇ ಸಲ ಬಾದ ಆದವು. ಈ ಸಲ ದಾಖಲೆ ಎಲ್ಲ ಸರಿಯಾಗಿತ್ತು.