ಮಾವ ನಂಬಿದ ಗಾಳಿ

ಮೊನ್ನೆ ಕಡಗಂಚಿಯಿಂದ ಅತನೂರಿಗೆ ಹೋಗಲು ಬಾಡಿಗೆ ಕಾರು ಹತ್ತಿದೆ. ಕನ್ನಡಿಗೆ ನೇತುಹಾಕಿದ್ದ ಪುಟ್ಟ ಸೀಸೆಯಿಂದ ಮಲ್ಲಿಗೆಯ ಪರಿಮಳ ಬರುತ್ತಿತ್ತು. ಕೂತವನೇ ಕಿಟಕಿ ಇಳಿಸಿದೆ.

"ಯಾಕ್ರಿ ಸರ, ವಾಸನಿ ಸೇರಂಗಿಲ್ಲೇನ್ರಿ?" ಎಂದ ಡ್ರೈವರ್.

"ಸೇರ್ತದಪಾ, ಅದಕ್ಕ ಅಂಜಿಕಿ" ಎಂದೆ. ಅವನು ನನ್ನನ್ನು ಒಂದು ಥರ ನೋಡಿದ. ನೋಡಲಿ ಬಿಡಿ. ಘಮ್ ಎಂದಲ್ಲೆಲ್ಲ ಇದರಡಿ ಏನು ಮುಚ್ಚಿಟ್ಟಿದ್ದಾರೆ ಎಂದು ಹುಡುಕುವ ಈ ಚಾಳಿ ನನಗೆ ಬಂದದ್ದು ಅತನೂರಿನ ಸೋದರಮಾವನಿಂದ. ಆವತ್ತು ಹೊರಟದ್ದೂ ಅವನನ್ನು ನೋಡಲಿಕ್ಕೇ.

ಮಾವ ಬಾವಿಗೆ ಇಳಿಯುವವನು. ಹಗ್ಗ ಹರಿದು ಬಾವಿಯೊಳಗೆ ಮೋಟರ್ ಬಿದ್ದರೆ ಆಳಂದದಿಂದ ಜೇವರ್ಗಿತನಕ ಜನ ಅವನನ್ನೇ ಕರೆಯುತ್ತಿದ್ದರು. ಮೊದಮೊದಲು ಉಸಿರು ಬಿಗಿಹಿಡಿದು ಮುಳುಗುತ್ತಿದ್ದ. ಆಮೇಲೆ ಎಲ್ಲಿಂದಲೋ ಒಂದು ಹಳೆಯ ಸ್ಕೂಬಾ ಸಿಲಿಂಡರನ್ನೂ ಅದಕ್ಕೆ ಗಾಳಿ ತುಂಬುವ ಕಂಪ್ರೆಸರನ್ನೂ ತಂದ. ಯಾರಾದರೂ ಅದನ್ನು ಆಕ್ಸಿಜನ್ ಎಂದರೆ ಸಿಟ್ಟು ಬರುತ್ತಿತ್ತು. "ಆಕ್ಸಿಜನ್ ಅಲ್ಲೋ, ನೀ ಈಗ ಕುಡಿಯಾಕತ್ತಿಯಲ್ಲ, ಅದ ಗಾಳಿ. ಒತ್ತಿ ತುಂಬೇದ. ಹೊಲಸಿದ್ರ ಹೊಲಸೂ ಒತ್ತಿ ತುಂಬತದ."

ಅವನು ಗಾಳಿಯನ್ನಷ್ಟೇ ಅಲ್ಲ, ಯಾವುದನ್ನೂ ನಂಬುತ್ತಿರಲಿಲ್ಲ. ಕಲ್ಲಂಗಡಿಯನ್ನು ಮೂರು ಸಲ ಬಡಿದು ನೋಡಿ, ಕೊಳ್ಳದೇ ಬರುತ್ತಿದ್ದ. "ಸೀಟ್ ಅದ ಬರ್ರಿ" ಎಂದ ಕಂಡಕ್ಟರನ ಬಸ್ಸಿಗೆ ಹತ್ತುತ್ತಲೇ ಇರಲಿಲ್ಲ. "ಮದುವಿ ದಿನ ಸೆರಗು ಸರಿಸಿ ನೋಡಿ, ಇಕಿನ ಹೌದಲ್ಲ ಅಂತ ನಮ್ಮಪ್ಪಗ ಎರಡು ಸಲ ಕೇಳ್ಯಾರ" ಎಂದು ಅತ್ತೆ ನಗುತ್ತಿದ್ದಳು. ಇಂಥವನು ಸಿಲಿಂಡರಿನ ಗಾಳಿಯನ್ನು ಸುಮ್ಮನೆ ಬಿಟ್ಟಾನೆಯೇ? ಮೊದಲು ಬಿಳಿ ಅರಿವೆಯ ಮೇಲೆ ಬಿಟ್ಟು ಎಣ್ಣೆ ಕಲೆ ಬಿತ್ತೇ ಎಂದು ನೋಡುತ್ತಿದ್ದ. ಆಮೇಲೆ ಮೂಸುತ್ತಿದ್ದ. ಕೊನೆಗೆ, ಗಾಳಿ ತುಂಬಿದವನೇ ಬಾವಿಯ ದಂಡೆಯಲ್ಲಿ ಕೂತು ಹತ್ತು ನಿಮಿಷ ಅದನ್ನು ಉಸಿರಾಡಬೇಕು. "ಅಡಗಿ ಮಾಡಿದಾಕಿ ಮೊದಲ ಉಪ್ಪು ನೋಡಂಗಿಲ್ಲೇನು? ಹಂಗ."

ನಾನು ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ವರ್ಷ, ಗಾಳಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಕರೆಂಟನ್ನು ನೆಚ್ಚುವಂತಿರಲಿಲ್ಲ, ಹಾಗಾಗಿ ಕಂಪ್ರೆಸರ್ ಓಡುತ್ತಿದ್ದುದು ಡೀಸೆಲ್ ಎಂಜಿನ್ ಮೇಲೆ. ಎಂಜಿನ್ನಿನ ಹೊಗೆ ಸೇರಬಾರದೆಂದು, ಗಾಳಿ ಎಳೆಯುವ ಪೈಪನ್ನು ಪ್ರತಿ ಸಲ ಏಣಿ ಹತ್ತಿ, ಗಾಳಿಯ ದಿಕ್ಕು ನೋಡಿ ಮಾಳಿಗೆಯ ಮೇಲೆ ಕಟ್ಟಬೇಕು. ನಾಲ್ಕಕ್ಷರ ಓದಿದವನ ಸೊಕ್ಕು ನಿಮಗೆ ಗೊತ್ತಲ್ಲ! ಪೈಪನ್ನು ಅರ್ಧಕ್ಕೇ ತೂಗುಹಾಕಿ ಇಳಿದುಬಿಡುತ್ತಿದ್ದೆ. ಹೀಗಾಗಿ ಎರಡು ಸಲ ಮಾವ ಗಾಳಿ ಮೂಸಿ, ಜನರೆದುರಿಗೇ ಸಿಲಿಂಡರನ್ನು ಬುಸ್ಸೆಂದು ಖಾಲಿ ಮಾಡಿದ್ದ. ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಮೂರನೆಯ ಸಲ ಭೂಸನೂರಿನ ಒಂದು ಕಬ್ಬಿನ ಹೊಲದಿಂದ ಕರೆ ಬಂತು. ಆವತ್ತು ನಾನು ಏಣಿಯನ್ನೇ ಮುಟ್ಟಲಿಲ್ಲ. ಪೈಪು ಎಂಜಿನ್ನಿನ ಪಕ್ಕದಲ್ಲೇ ಬಿದ್ದಿತ್ತು. ಅರ್ಧ ತುಂಬಿದ ಮೇಲೆ ಮೂಸಿದರೆ ಡೀಸೆಲ್ ವಾಸನೆ. ಖಾಲಿ ಮಾಡಿ ಮತ್ತೆ ತುಂಬುವ ಬದಲು, ದೇವರ ಮಾಡದಿಂದ ನಾಲ್ಕು ಬಿಲ್ಲೆ ಕರ್ಪೂರ ತಂದು ಪುಡಿಮಾಡಿ, ಅರಿವೆಯಲ್ಲಿ ಸುತ್ತಿ ಪೈಪಿನ ಬಾಯಿಗೆ ಕಟ್ಟಿ, ಉಳಿದದ್ದನ್ನು ತುಂಬಿದೆ. ಕಂಪ್ರೆಸರಿನಲ್ಲಿ ಗಾಳಿ ಸೋಸುವ ಫಿಲ್ಟರ್ ಸವೆದುಹೋಗಿತ್ತು. ಹೊಗೆ ಬಂದ ದಾರಿಯಲ್ಲೇ ಕರ್ಪೂರವೂ ಒಳಗೆ ಹೋಯಿತು.

ಬಾವಿಯ ದಂಡೆಯಲ್ಲಿ ಮಾವ ಮೂಸಿದ. ಹುಬ್ಬು ಮೇಲಕ್ಕೆ ಹೋಯಿತು. "ಗಾಳಿಗೆ ವಾಸನಿ ಇರಂಗಿಲ್ಲ ತಮ್ಮಾ. ಜಳಕ ಮಾಡಿದಾವ ಅತ್ತರ ಯಾಕ ಹಚ್ಚಿಕೋತಾನ?"

"ಫಿಲ್ಟರಿಗೆ ಕರ್ಪೂರ ಇಟ್ಟೇನ್ರಿ ಮಾವ, ಸ್ವಚ್ಛ ಆಗ್ಲಿ ಅಂತ."

"ಹೌದಾ? ಕುಂದ್ರು. ಕುಡಿ."

ಕೂತೆ. ಐದಾರು ನಿಮಿಷಕ್ಕೆ ಕಣತಲೆ ಸಿಡಿಯತೊಡಗಿತು. ಹೊಲದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹತ್ತು ನಿಮಿಷವಾದ ಮೇಲೆ ಮಾವ ಕೇಳಿದ: "ಹೆಂಗದ?"

"ಏನೂ ಆಗಿಲ್ರಿ ಮಾವ."

ಇನ್ನೂ ನಾಲ್ಕು ಸಲ ಕೇಳುತ್ತಾನೆ, ಕಣ್ಣೆವೆ ಎತ್ತಿ ನೋಡುತ್ತಾನೆ ಎಂದುಕೊಂಡಿದ್ದೆ. ಕೇಳಲಿಲ್ಲ. "ಅಕ್ಕನ ಮಗ ಹೇಳ್ಯಾನಂದ್ರ ಆತು" ಎಂದು ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲಿಳಿದ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಎಂಜಿನ್ ಹೊಗೆಯೊಳಗಿನ ವಿಷಕ್ಕೆ ವಾಸನೆಯೇ ಇಲ್ಲವೆಂದೂ, ನಲವತ್ತು ಅಡಿ ನೀರಿನ ಒತ್ತಡದಲ್ಲಿ ಅದು ಇಮ್ಮಡಿಗಿಂತ ಹೆಚ್ಚಾಗಿ ಮೈಗೇರುತ್ತದೆಂದೂ ಓದಿದ್ದೆನಲ್ಲ, ಅದು ಆಗ ನೆನಪಾಯಿತು.

"ಮಾವಾ, ಇಳಿಬ್ಯಾಡ್ರಿ!" ಎಂದು ಚೀರಿದೆ. "ಈಗ ತಲಿ ನೋಯಾಕತ್ತದ!"

ಅವನು ಮೇಲೆ ಬಂದ, ಸಿಲಿಂಡರ್ ಖಾಲಿ ಮಾಡಿದ, ಒಂದು ಮಾತೂ ಬೈಯಲಿಲ್ಲ. ಆ "ಈಗ" ಎಂಬುದೂ ಸುಳ್ಳೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಜಗತ್ತಿನಲ್ಲಿ ಯಾರನ್ನೂ ನಂಬದವನು ಒಬ್ಬನನ್ನು ನಂಬಿದ್ದ, ಅವನು ನಾನಾಗಿದ್ದೆ. ಆ ನೆನಪು ಹದಿನೈದು ವರ್ಷ ನನ್ನನ್ನು ಒಳಗೊಳಗೇ ತಿಂದಿತು.

ಮೊನ್ನೆ ಅತನೂರಿನ ಕಟ್ಟೆಯ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಮುಟ್ಟದ ಏಣಿ, ಕರ್ಪೂರ ಯಾಕೆ ಇಟ್ಟೆನೆಂಬುದು, ಕೂತಲ್ಲೇ ಸಿಡಿದ ತಲೆ. ಮಾವ ಈಗ ಬಾವಿಗಿಳಿಯುವುದಿಲ್ಲ, ಮೊಣಕಾಲು ಹಿಡಿದಿವೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತಿದ್ದೆ. ಅವನು ಕೇಳಿದ: "ತಲಿನೋವು ಯಾವಾಗ ಹೋತು?"

"ಮರುದಿನ ಮುಂಜಾನಿರಿ."

"ಮರುದಿನತನಕಾ? ಅಷ್ಟು ಹೊಗಿ ಕುಡದಿದ್ದೇನೋ ನೀ?" ನನ್ನ ಗದ್ದ ಎತ್ತಿ ಕಣ್ಣೆವೆ ಸರಿಸಿ ನೋಡಿದ. "ಕುಂದ್ರು, ಕುಡಿ ಅಂದಾವ ನಾನ. ನಿಂಗ ಏನರೆ ಆಗಿದ್ರ ನಮ್ಮಕ್ಕಗ ನಾ ಏನಂತ ಮಾರಿ ತೋರಿಸ್ತಿದ್ದೆ?"

ಆವತ್ತು ಸಾಯಬಹುದಾಗಿದ್ದವನು ಅವನೊಬ್ಬನೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ತಪ್ಪೊಪ್ಪಿಕೊಂಡು ಹಗುರಾಗಲು ಹೋದವನು, ಭಾರವನ್ನು ಆ ಮುದುಕನ ಹೆಗಲಿಗೆ ಹೊರಿಸಿದ್ದೆ.

ಹೊರಟಾಗ ಮಾವ ಕಾರಿನತನಕ ಕುಂಟುತ್ತ ಬಂದು ಕಿಟಕಿಯೊಳಗೆ ಬಗ್ಗಿದ. "ಈಗ ತಲಿ ನೋಯಂಗಿಲ್ಲ ಹೌದಲ್ಲ?"

"ಇಲ್ರಿ ಮಾವ, ಖರೇನ ಇಲ್ಲ" ಎಂದೆ.

ಅವನು ನಂಬಲಿಲ್ಲ.